ಎರಡು ದಿನಕ್ಕೆಂದು ತೆರೆದ ಖಾತೆ: ಒಂದು ಫೈಲ್ ಸರ್ವರ್‌ನ ಪ್ರಕರಣ

ಒಂದು ಸಂಸ್ಥೆಯ ಸರ್ವರ್‌ನಿಂದ ಗ್ರಾಹಕರ ಫೈಲುಗಳು ಕಳುವಾದ ಕಥೆ ಇದು. ಮೊದಲೇ ಹೇಳಿಬಿಡುತ್ತೇನೆ. ಸಂಸ್ಥೆಯ ಹೆಸರು, ಊರು, ಗ್ರಾಹಕರ ಗುರುತು ಯಾವುದೂ ಇಲ್ಲಿ ಬರುವುದಿಲ್ಲ. ಖಾತೆಗಳ ಹೆಸರು, ಗಂಟೆ, ತಾರೀಕು ಬದಲಾಗಿವೆ. ತಪ್ಪುಗಳನ್ನು ಮಾತ್ರ ಬದಲಿಸಿಲ್ಲ. ಅವುಗಳಲ್ಲಿ ಒಂದೆರಡು ನನ್ನವೂ ಹೌದು.

ಹಿನ್ನೆಲೆ

ಬೇರೆ ಕಂಪನಿಗಳ ಬಿಲ್ಲು, ಸ್ಟೇಟ್‌ಮೆಂಟು, ನೋಟಿಸುಗಳನ್ನು ಪ್ರಿಂಟ್ ಮಾಡಿ, ಕವರಿಗೆ ತುಂಬಿ, ಅಂಚೆಗೆ ಹಾಕುವ ಸಂಸ್ಥೆ ಇದು. ಗ್ರಾಹಕರು ರಾತ್ರಿ ಹೊತ್ತು ಡೇಟಾ ಫೈಲ್ ಕಳಿಸುತ್ತಾರೆ, ಬೆಳಗ್ಗೆ ಪ್ರಿಂಟಿಂಗ್ ಶುರುವಾಗುತ್ತದೆ. ಫೈಲಿನಲ್ಲಿ ಹೆಸರು, ವಿಳಾಸ, ಖಾತೆ ನಂಬರ್, ಬಾಕಿ ಮೊತ್ತ ಎಲ್ಲ ಇರುತ್ತದೆ.

ಈ ಫೈಲುಗಳು ಬಂದಿಳಿಯುತ್ತಿದ್ದದ್ದು ಒಂದು ಲಿನಕ್ಸ್ ಸರ್ವರ್‌ಗೆ. ಅದರ ಮೇಲೆ ವಿಎಸ್‌ಎಫ್‌ಟಿಪಿಡಿ ಓಡುತ್ತಿತ್ತು, ಅಂದರೆ ಎಫ್‌ಟಿಪಿ ಎಂಬ ವಿಧಾನದಲ್ಲಿ ಫೈಲ್ ಕಳಿಸಿ ಪಡೆಯಲು ಬಿಡುವ ಸಾಫ್ಟ್‌ವೇರ್. ಒಟ್ಟು 47 ಖಾತೆ. ಅದರಲ್ಲಿ ಎಷ್ಟು ಬಳಕೆಯಲ್ಲಿವೆ ಅಂತ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಐಟಿಯವರು ‘ಅದು ಪ್ರೊಡಕ್ಷನ್‌ನವರ ಮಷಿನ್’ ಎನ್ನುತ್ತಿದ್ದರು. ಪ್ರೊಡಕ್ಷನ್‌ನವರು ‘ಸರ್ವರ್ ಅಂದ ಮೇಲೆ ಐಟಿಯದ್ದಲ್ವಾ’ ಎನ್ನುತ್ತಿದ್ದರು. ನಾನು ಹೊರಗಿನಿಂದ ಆಗಾಗ ಬಂದು ನೋಡಿಕೊಡುವ ಸಲಹೆಗಾರ. ಎರಡು ವರ್ಷದಲ್ಲಿ ಹತ್ತಾರು ಸಲ ಆ ಆಫೀಸಿಗೆ ಹೋಗಿದ್ದೇನೆ. ಈ ಸರ್ವರ್ ಬಗ್ಗೆ ಒಂದು ಸಲವೂ ಕೇಳಿರಲಿಲ್ಲ.

ಎಫ್‌ಟಿಪಿ ತುಂಬಾ ಹಳೆಯದು. ಎಂಐಟಿಯಲ್ಲಿದ್ದ ಅಭಯ್ ಭೂಷಣ್ ಅದನ್ನು ಮೊದಲು ಬರೆದದ್ದು 1971ರ ಏಪ್ರಿಲ್‌ನಲ್ಲಿ, ಆರ್‌ಎಫ್‌ಸಿ 114 ಎಂಬ ಹೆಸರಲ್ಲಿ. ಆರ್‌ಎಫ್‌ಸಿ ಎಂದರೆ ನೆಟ್‌ವರ್ಕಿನ ನಿಯಮಗಳನ್ನು ಬರೆದಿಡುವ ದಾಖಲೆ. ಈಗ ಬಳಕೆಯಲ್ಲಿರುವ ರೂಪ 1985ರ ಆರ್‌ಎಫ್‌ಸಿ 959. ಆ ಕಾಲದ ನೆಟ್‌ವರ್ಕ್ ಚಿಕ್ಕದು, ಕದಿಯುವವರ ಬಗ್ಗೆ ಯೋಚಿಸುವ ಅಗತ್ಯ ಕಾಣಲಿಲ್ಲ. ಹಾಗಾಗಿ ಪಾಸ್‌ವರ್ಡ್ ಕೂಡ ಓದಲು ಬರುವ ಅಕ್ಷರದಲ್ಲೇ ತಂತಿಯ ಮೇಲೆ ಹೋಗುತ್ತದೆ. 2021ರಲ್ಲಿ ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಎಫ್‌ಟಿಪಿಯನ್ನು ಕೈಬಿಟ್ಟವು. ಕಂಪನಿಗಳ ಸರ್ವರ್ ರೂಮಿನ ಮೂಲೆಯಲ್ಲಿ ಅದು ಇನ್ನೂ ಆರಾಮಾಗಿದೆ.

ಒಂದು ರಾತ್ರಿಯ ರಿಪೇರಿ

ಕಳ್ಳತನಕ್ಕಿಂತ ಕೆಲವು ವರ್ಷ ಹಿಂದೆ ನಡೆದ ಒಂದು ಸಂಗತಿ ಇಲ್ಲಿ ಮುಖ್ಯ. ಆಗ ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಆಯಿತು. ಅದೇ ರಾತ್ರಿ ಗ್ರಾಹಕರ ಲಾಗಿನ್‌ಗಳೆಲ್ಲ ಬೀಳತೊಡಗಿದವು. ಎಲ್ಲರಿಗೂ ಒಂದೇ ಉತ್ತರ: ‘500 ಊಪ್ಸ್’. ಅದರ ಹಿಂದೆ ಒಂದು ಉದ್ದ ವಾಕ್ಯ. ಸಿಎಚ್‌ರೂಟ್ ಒಳಗಿನ ಬೇರು ಫೋಲ್ಡರಿಗೇ ಬರೆಯುವ ಅನುಮತಿ ಇದೆ, ಹಾಗಾಗಿ ಓಡುವುದಿಲ್ಲ ಎಂಬುದು ಅದರ ಅರ್ಥ.

ಸಿಎಚ್‌ರೂಟ್ ಎಂದರೆ ಬಳಕೆದಾರನನ್ನು ಅವನ ಫೋಲ್ಡರಿನೊಳಗೇ ಕೂಡಿಹಾಕುವ ಬೇಲಿ. ಅದರಾಚೆ ಏನಿದೆ ಅಂತ ಅವನಿಗೆ ಕಾಣುವುದಿಲ್ಲ. ಬೇಲಿ ಹಾಕಿದ ಆ ಫೋಲ್ಡರಿನ ಮೇಲೇ ಬರೆಯಲು ಬಿಟ್ಟರೆ ಅಪಾಯ ಇದೆ. ಅದಕ್ಕೇ ವಿಎಸ್‌ಎಫ್‌ಟಿಪಿಡಿಯ 2.3.5ರಿಂದ ಈಚೆಗಿನ ಆವೃತ್ತಿಗಳು ನಾವು ಬೇರೆ ಹೇಳದಿದ್ದರೆ ಹಾಗೆ ಓಡಲು ಒಪ್ಪುವುದಿಲ್ಲ. ಇದಕ್ಕೆ ಸರಿಯಾದ ಪರಿಹಾರ ಗೊತ್ತಿರುವಂಥದ್ದೇ. ಬೇರು ಫೋಲ್ಡರಿನ ಬರೆಯುವ ಅನುಮತಿ ತೆಗೆದು, ಒಳಗೊಂದು ‘ಇನ್‌ಬಾಕ್ಸ್’ ಫೋಲ್ಡರ್ ಮಾಡಿ, ಅಲ್ಲಿ ಮಾತ್ರ ಬರೆಯಲು ಬಿಡುವುದು. ಆದರೆ ಆಗ ಎಲ್ಲ ಗ್ರಾಹಕರೂ ತಮ್ಮ ಸ್ಕ್ರಿಪ್ಟಿನ ದಾರಿ ಬದಲಿಸಬೇಕು. ರಾತ್ರಿ ಒಂದು ಗಂಟೆಗೆ ಯಾರಿಗೆ ಫೋನ್ ಮಾಡುವುದು?

ಆ ಹೊತ್ತು ಡ್ಯೂಟಿಯಲ್ಲಿದ್ದ ಹುಡುಗ ಒಂದು ಸಾಲು ಬದಲಿಸಿದ. ಸಿಎಚ್‌ರೂಟ್ ‘ಯೆಸ್’ ಇದ್ದದ್ದು ‘ನೋ’ ಆಯಿತು. ಫೈಲುಗಳು ಹರಿದು ಬಂದವು. ಬೀಸುವ ದೊಣ್ಣೆ ತಪ್ಪಿತು, ಸಾವಿರ ವರ್ಷ ಆಯಸ್ಸು. ಬೆಳಗ್ಗೆ ಟಿಕೆಟ್ ಮುಚ್ಚಿದರು, ಹುಡುಗನಿಗೆ ಶಭಾಶ್ ಕೂಡ ಸಿಕ್ಕಿತು. ಅವನನ್ನು ನಾನು ಬೈಯುವುದಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ಬೆಳಗಾದ ಮೇಲೆ ಆ ಸಾಲನ್ನು ಮತ್ತೆ ಯಾರೂ ನೋಡಲಿಲ್ಲ, ಹೊಟ್ಟೆ ಉರಿಯುವುದು ಅದಕ್ಕೆ.

ಇದರ ಜೊತೆಗೆ ಯುಮಾಸ್ಕ್ 022 ಇತ್ತು. ಹೊಸದಾಗಿ ಬಂದ ಫೈಲನ್ನು ಯಾರ್ಯಾರು ಮುಟ್ಟಬಹುದು ಎಂದು ತೀರ್ಮಾನಿಸುವ ಸಂಖ್ಯೆ ಅದು. ವಿಎಸ್‌ಎಫ್‌ಟಿಪಿಡಿ ತಾನಾಗಿ ಇಟ್ಟುಕೊಳ್ಳುವುದು 077, ಅಂದರೆ ಫೈಲ್ ಅದರ ಒಡೆಯನಿಗೆ ಮಾತ್ರ. 022 ಹಾಕಿದರೆ ಬಂದ ಪ್ರತಿ ಫೈಲನ್ನೂ ಸರ್ವರ್‌ನಲ್ಲಿರುವ ಯಾರು ಬೇಕಾದರೂ ಓದಬಹುದು. ಬೇಲಿ ಇದ್ದಷ್ಟು ದಿನ ಇದು ತೊಂದರೆ ಕೊಡಲಿಲ್ಲ. ಬೇಲಿ ಹೋದ ರಾತ್ರಿಯಿಂದ 47 ಖಾತೆಗಳ ಫೈಲೂ 47 ಖಾತೆಗಳಿಗೂ ತೆರೆದುಕೊಂಡಿತು.

ಕಂಡದ್ದು ಹೇಗೆ

ಯಾವ ಅಲಾರಂ ಕೂಡ ಹೊಡೆಯಲಿಲ್ಲ. ಆಂಟಿವೈರಸ್ ಸುಮ್ಮನಿತ್ತು. ಕಂಡುಹಿಡಿದದ್ದು ನೆಟ್‌ವರ್ಕ್ ನೋಡಿಕೊಳ್ಳುವ ಹೆಣ್ಣುಮಗಳು, ಅದೂ ಬೇರೆ ಯಾವುದೋ ಕೆಲಸಕ್ಕೆ ಗ್ರಾಫ್ ತೆಗೆದಾಗ.

‘ಸರ್, ಈ ಮಷಿನ್‌ಗೆ ಫೈಲ್ ಬರೋದು ತಾನೇ? ಹೋಗೋದೇನಿದೆ?’ ಎಂದು ಕೇಳಿದರು.

ಪ್ರಶ್ನೆ ಅಷ್ಟೇ. ಗ್ರಾಫಿನಲ್ಲಿ ಹಸಿರು ಗೆರೆ ಒಳಗೆ ಬರುವ ಟ್ರಾಫಿಕ್, ನೀಲಿ ಗೆರೆ ಹೊರಗೆ ಹೋಗುವ ಟ್ರಾಫಿಕ್. ಎಲ್ಲ ರಾತ್ರಿಯೂ ಹಸಿರು ಗುಡ್ಡದಂತೆ ಏಳುತ್ತಿತ್ತು, ನೀಲಿ ನೆಲ ಬಿಟ್ಟು ಏಳುತ್ತಿರಲಿಲ್ಲ. ಹಿಂದಿನ ರಾತ್ರಿ ಮಾತ್ರ ನೀಲಿ ಗೆರೆ ಎರಡೂವರೆಗೆ ಎದ್ದು, ನಾಲ್ಕು ಗಂಟೆವರೆಗೆ ಗೋಡೆಯಂತೆ ನಿಂತಿತ್ತು. ಒಂಬತ್ತು ಜಿಬಿ ಹೊರಗೆ ಹೋಗಿತ್ತು.

ಲಾಗ್ ತೆಗೆದೆವು, ಅಂದರೆ ಯಾರು ಯಾವಾಗ ಬಂದು ಏನು ಮಾಡಿದರು ಅಂತ ಸರ್ವರ್ ಬರೆದಿಡುವ ದಾಖಲೆ. ಎರಡು ಗಂಟೆ ಮೂವತ್ತೊಂದು ನಿಮಿಷಕ್ಕೆ ‘ಓಕೆ ಲಾಗಿನ್’. ಖಾತೆಯ ಹೆಸರು ‘ಟೆಸ್ಟ್’. ಪಾಸ್‌ವರ್ಡ್ ಏನಿರಬಹುದು ಅಂತ ನೀವು ಊಹಿಸಿದರೆ ಮೊದಲ ಸಲಕ್ಕೇ ಸರಿಯಾಗುತ್ತದೆ. ಯಾವುದೋ ಗ್ರಾಹಕರಿಗೆ ಟ್ರಯಲ್ ಕೊಡಲು ಎರಡು ದಿನಕ್ಕೆಂದು ತೆರೆದ ಖಾತೆ ಅದು. ಆ ಗ್ರಾಹಕರು ಕೊನೆಗೆ ಬರಲೇ ಇಲ್ಲ, ಖಾತೆ ಉಳಿಯಿತು. ಲಾಗಿನ್ ಆದ ಮೇಲೆ ಕಳ್ಳ ಒಂದು ಹೆಜ್ಜೆ ಮೇಲಿನ ಫೋಲ್ಡರಿಗೆ ಹೋಗಿದ್ದಾನೆ. ಪಕ್ಕದ ಫೋಲ್ಡರುಗಳ ಪಟ್ಟಿ ಕೇಳಿದ್ದಾನೆ. ಆಮೇಲೆ ಒಂದೊಂದಾಗಿ ಇಳಿಸಿಕೊಂಡಿದ್ದಾನೆ. ಇದರಲ್ಲಿ ಎಲ್ಲೂ ಜಾಣ ಹ್ಯಾಕಿಂಗ್ ಇಲ್ಲ. ಎಲ್ಲವೂ ಸರ್ವರ್ ಅನುಮತಿ ಕೊಟ್ಟೇ ನಡೆದದ್ದು.

ಮೊದಲ ಎರಡು ದಿನ ಮಾಡಿದ್ದು

ಮೊದಲ ದಿನ ಅವನು ಬಂದ ಐಪಿ ವಿಳಾಸವನ್ನು ಫೈರ್‌ವಾಲ್‌ನಲ್ಲಿ ಬ್ಲಾಕ್ ಮಾಡಿದೆವು. ‘ಟೆಸ್ಟ್’ ಖಾತೆ ಅಳಿಸಿದೆವು. ಸಿಎಚ್‌ರೂಟ್ ಮುಟ್ಟಲಿಲ್ಲ, ಏಕೆಂದರೆ ಅದು ಆಫ್ ಆಗಿದೆ ಅಂತ ಇನ್ನೂ ನಮ್ಮ ತಲೆಗೆ ಹೋಗಿರಲಿಲ್ಲ. ಒಬ್ಬರು ಎಫ್‌ಟಿಪಿ ಕೇಳಿಸಿಕೊಳ್ಳುವ ಪೋರ್ಟನ್ನು 21ರಿಂದ 2121ಕ್ಕೆ ಬದಲಿಸೋಣ ಎಂದರು. ನಾನು ಬೇಡ ಎಂದೆ. ಬೀಗ ಹಾಗೇ ಬಿಟ್ಟು ಬಾಗಿಲಿನ ನಂಬರ್ ಬದಲಿಸಿ ಏನು ಪ್ರಯೋಜನ? ಸ್ಕ್ಯಾನರ್‌ಗಳು ಎಲ್ಲ ಪೋರ್ಟನ್ನೂ ತಟ್ಟಿ ನೋಡುತ್ತವೆ. ಸಂಜೆ ಹೊತ್ತಿಗೆ ಸಮಸ್ಯೆ ಮುಗಿಯಿತು ಅಂದುಕೊಂಡು ಮನೆಗೆ ಹೋದೆವು.

ಮರುದಿನ ಬೆಳಗ್ಗೆ ಮತ್ತೆ ನೀಲಿ ಗೋಡೆ. ಐಪಿ ಬೇರೆ, ಖಾತೆ ಬೇರೆ. ಈ ಸಲ ‘ಪ್ರೊಡ್’ ಎಂಬ ಒಳಗಿನವರ ಖಾತೆ. ಅದರ ಪಾಸ್‌ವರ್ಡ್ ಹದಿನಾರು ಅಕ್ಷರ, ಯಾರೂ ಊಹಿಸಲಾಗದ್ದು. ಹಾಗಾದರೆ ಸಿಕ್ಕಿದ್ದು ಹೇಗೆ?

ಒಂದು ಗಂಟೆ ಹುಡುಕಿದ ಮೇಲೆ ಕಂಡಿತು. ‘ಪ್ರೊಡ್’ ಫೋಲ್ಡರಿನಲ್ಲಿ ಒಂದು ಹಳೇ ಸ್ಕ್ರಿಪ್ಟ್ ಬಿದ್ದಿತ್ತು. ಮೂರನೇ ಸಾಲಿನಲ್ಲಿ ಯೂಸರ್, ನಾಲ್ಕನೇ ಸಾಲಿನಲ್ಲಿ ಪಾಸ್‌ವರ್ಡ್. ಅನುಮತಿ 644, ಅಂದರೆ ಯಾರು ಬೇಕಾದರೂ ಓದಬಹುದು. ಮೊದಲ ರಾತ್ರಿಯೇ ಅವನು ಅದನ್ನು ಇಳಿಸಿಕೊಂಡಿದ್ದ. ನಾವು ಲಾಗಿನಲ್ಲಿ ದೊಡ್ಡ ಫೈಲುಗಳನ್ನಷ್ಟೇ ನೋಡಿದ್ದೆವು. ಎರಡು ಕೆಬಿಯ ಈ ಫೈಲ್ ಕಣ್ಣಿಗೇ ಬಿದ್ದಿರಲಿಲ್ಲ. ಇದು ನನ್ನ ತಪ್ಪು. ಅವನು ಏನೇನು ಓದಿದ ಅಂತ ಪೂರ್ತಿ ಪಟ್ಟಿ ಮಾಡದೆ ಬಾಗಿಲು ಮುಚ್ಚಿದೆ ಅಂದುಕೊಂಡದ್ದು.

ಮುಚ್ಚಬೇಕೋ ಬೇಡವೋ

ಎರಡನೇ ದಿನ ಹನ್ನೊಂದು ಗಂಟೆಗೆ ಮೀಟಿಂಗ್. ಸರ್ವರ್ ಈಗಲೇ ಆಫ್ ಮಾಡಬೇಕು ಅಂತ ನಾನು ಹೇಳಿದೆ. ಮ್ಯಾನೇಜರ್ ಒಪ್ಪಲಿಲ್ಲ. ತಿಂಗಳ ಕೊನೆ, ಬಿಲ್ಲುಗಳು ಹೋಗಲೇಬೇಕು. ‘ಪಾಸ್‌ವರ್ಡ್ ಎಲ್ಲಾ ಬದಲಿಸಿ, ಸಾಕಲ್ವಾ?’ ಎಂದರು.

ವಾದ ಮಾಡಿ ಪ್ರಯೋಜನ ಇರಲಿಲ್ಲ. ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ, ಸರ್ವರ್‌ನಲ್ಲಿ ತಂತಿಯ ಮೇಲೆ ಹೋಗುವುದನ್ನು ಹಾಗೇ ತೋರಿಸುವ ಟಿಸಿಪಿಡಂಪ್ ಓಡಿಸಿ, ಪೋರ್ಟ್ 21ರ ಮೇಲೆ ಬಿಟ್ಟೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಒಬ್ಬ ದೊಡ್ಡ ಗ್ರಾಹಕರ ಸ್ಕ್ರಿಪ್ಟ್ ಬಂತು. ಪರದೆಯ ಮೇಲೆ ‘ಯೂಸರ್’ ಎಂಬ ಪದ, ಮುಂದೆ ಅವರ ಹೆಸರು. ಕೆಳಗೆ ‘ಪಾಸ್’, ಮುಂದೆ ಅವರ ಪಾಸ್‌ವರ್ಡ್, ಒಂದಕ್ಷರ ಮುಚ್ಚದೆ. ಮ್ಯಾನೇಜರ್ ಅದನ್ನು ಬಾಯಿಬಿಟ್ಟು ಓದಿದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಈ ಕಳ್ಳತನಕ್ಕೂ ಆ ಬಿಚ್ಚಿದ ಪಾಸ್‌ವರ್ಡಿಗೂ ಸಂಬಂಧ ಇರಲಿಲ್ಲ. ಟಿಎಲ್‌ಎಸ್ ಎನ್‌ಕ್ರಿಪ್ಷನ್ ಸುತ್ತಿದ ಎಫ್‌ಟಿಪಿಎಸ್ ಇದ್ದಿದ್ದರೂ ‘ಟೆಸ್ಟ್’ ಖಾತೆಯವನು ಅಷ್ಟೇ ಸಲೀಸಾಗಿ ಒಳಗೆ ಬರುತ್ತಿದ್ದ. ಎನ್‌ಕ್ರಿಪ್ಷನ್ ದಾರಿಯನ್ನು ಕಾಯುತ್ತದೆ, ಮನೆಯನ್ನಲ್ಲ. ಅದನ್ನೂ ಮೀಟಿಂಗಿನಲ್ಲಿ ಹೇಳಿದೆ. ಆದರೆ ಮನಸ್ಸು ಬದಲಿಸಿದ್ದು ಆ ಪರದೆಯೇ. ಹನ್ನೊಂದೂ ಐವತ್ತಕ್ಕೆ ಸರ್ವರ್ ನೆಟ್‌ವರ್ಕಿನಿಂದ ಹೊರಬಂತು. ಡಿಸ್ಕ್ ಅಳಿಸಲಿಲ್ಲ, ಹಾಗೆಯೇ ಇಮೇಜ್, ಅಂದರೆ ಪೂರ್ತಿ ನಕಲು, ತೆಗೆದಿಟ್ಟೆವು.

ಆ ಇಮೇಜ್ ನೋಡುವಾಗಲೇ ನಿಜವಾದ ಹೊಡೆತ ಬಿದ್ದದ್ದು. ಆರು ವರ್ಷದ ಫೈಲುಗಳು ಅಲ್ಲೇ ಇದ್ದವು. ಸಂಸ್ಥೆ ಬಿಟ್ಟುಹೋದ ಗ್ರಾಹಕರದ್ದೂ ಸೇರಿ. ಪ್ರಿಂಟ್ ಆದ ಮೇಲೆ ಫೈಲ್ ಬೇಕಿರಲಿಲ್ಲ, ಆದರೆ ಅಳಿಸಿ ಅಂತ ಯಾರೂ ಹೇಳಿರಲಿಲ್ಲ. ಸರ್ವರ್‌ನ ಹೆಸರು ‘ಟ್ರಾನ್ಸ್‌ಫರ್’. ಒಳಗಿದ್ದದ್ದು ಗೋಡೌನ್.

ಲಾಗ್ ಮಾತ್ರ ನಾಲ್ಕೇ ವಾರದ್ದು. ಅದಕ್ಕಿಂತ ಹಳೆಯದನ್ನು ಲಾಗ್‌ರೊಟೇಟ್ ಎಂಬ ಪ್ರೋಗ್ರಾಂ ತಾನೇ ಅಳಿಸುತ್ತಿತ್ತು. ಅಳಿಸಬೇಕಾದದ್ದು ಉಳಿದಿತ್ತು, ಉಳಿಸಬೇಕಾದದ್ದು ಅಳಿದಿತ್ತು. ಹಾಗಾಗಿ ಹಿಂದೆ ಬೇರೆ ಯಾರಾದರೂ ಬಂದಿದ್ದರಾ ಎಂಬ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರವೇ ಇರಲಿಲ್ಲ.

ಗ್ರಾಹಕರಿಗೆ ಹೇಳುವ ವಿಷಯದಲ್ಲಿ ಎಳೆದಾಟ ನಡೆಯಿತು. ಪೂರ್ತಿ ಗೊತ್ತಾಗುವವರೆಗೆ ಕಾಯೋಣ ಎಂಬುದು ಒಂದು ಕಡೆ. ಪೂರ್ತಿ ಯಾವತ್ತೂ ಗೊತ್ತಾಗುವುದಿಲ್ಲ, ಲಾಗೇ ಇಲ್ಲವಲ್ಲ, ಎಂಬುದು ನನ್ನ ಮಾತು. ಸಂಜೆ ಎಲ್ಲರಿಗೂ ಫೋನ್ ಮಾಡಿದರು. ‘ನಿಮ್ಮ ಎಲ್ಲ ಫೈಲೂ ಹೋಗಿದೆ ಎಂದೇ ಲೆಕ್ಕ ಹಿಡಿಯಿರಿ’ ಎಂದರು. ಒಬ್ಬ ಗ್ರಾಹಕರು ಬಿಟ್ಟುಹೋದರು. ಬಿಟ್ಟುಹೋಗದ ಇಬ್ಬರು ಆಮೇಲೆ ನನಗೆ ಹೇಳಿದ್ದು, ಮೊದಲ ದಿನವೇ ಯಾಕೆ ಹೇಳಲಿಲ್ಲ ಅಂತ. ಅದೂ ಸರಿಯೇ.

ದುಬಾರಿ ಪೆಟ್ಟಿಗೆಯ ಆಸೆ

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲಿಗೆ ದುಡ್ಡು ಸಲೀಸಾಗಿ ಸಿಗುತ್ತದೆ. ಒಂದು ದೊಡ್ಡ ‘ಮ್ಯಾನೇಜ್ಡ್ ಫೈಲ್ ಟ್ರಾನ್ಸ್‌ಫರ್’ ಸಾಫ್ಟ್‌ವೇರ್ ಕೊಳ್ಳೋಣ ಎಂದರು. ವೆಬ್ ಪುಟ, ಡ್ಯಾಶ್‌ಬೋರ್ಡ್, ರಿಪೋರ್ಟ್ ಎಲ್ಲ ಇರುವಂಥದ್ದು.

ನಾನು ಇದೇ ಬಗೆಯ ಸಾಫ್ಟ್‌ವೇರ್‌ಗಳಿಂದ ಫೈಲ್ ಕಳುವಾದ ಹಳೇ ಕಥೆಗಳನ್ನು ತೆಗೆದೆ. 2020ರ ಡಿಸೆಂಬರ್‌ನಲ್ಲಿ ಅಕ್ಸೆಲಿಯನ್‌ನ ಹಳೇ ಎಫ್‌ಟಿಎ. 2023ರ ಜನವರಿ ಕೊನೆಗೆ ಗೋಎನಿವೇರ್, ಅಡ್ಮಿನ್ ಕನ್ಸೋಲನ್ನು ಇಂಟರ್ನೆಟ್‌ಗೆ ತೆರೆದಿಟ್ಟವರಿಗೆ ಹೊಡೆತ. ಅದೇ ವರ್ಷ ಮೇ ತಿಂಗಳಲ್ಲಿ ಮೂವ್‌ಇಟ್. ಅದರ ವೆಬ್ ಭಾಗದಲ್ಲಿ ಎಸ್‌ಕ್ಯುಎಲ್ ಇಂಜೆಕ್ಷನ್ ದೋಷ ಇತ್ತು, ಅಂದರೆ ಹೊರಗಿನವರು ಡೇಟಾಬೇಸಿಗೆ ತಮ್ಮ ಆದೇಶ ತುರುಕಬಹುದಿತ್ತು. ಆ ದೋಷದ ಗುರುತಿನ ನಂಬರ್ ಸಿವಿಇ-2023-34362. ಅದರ ಮೂಲಕ ಕ್ಲಾಪ್ ಎಂಬ ಸುಲಿಗೆ ಗುಂಪು ಒಳನುಗ್ಗಿತು. ಶುರುವಾದದ್ದು ಮೇ 27ಕ್ಕೆ, ಅಮೆರಿಕದಲ್ಲಿ ಉದ್ದ ರಜೆಯ ಶನಿವಾರ. ಕಂಪನಿ ವಿಷಯ ಹೊರಗೆ ಹೇಳಿದ್ದು 31ಕ್ಕೆ. ಆ ಸಾಫ್ಟ್‌ವೇರ್‌ನಲ್ಲಿ ‘ಹ್ಯೂಮನ್’ ಎಂಬ ಹೆಸರಿನ ಒಂದು ಪುಟ ಮೊದಲೇ ಇತ್ತು. ಕಳ್ಳರು ತಮ್ಮದಕ್ಕೆ ‘ಹ್ಯೂಮನ್2’ ಅಂತ ಹೆಸರಿಟ್ಟು ಪಕ್ಕದಲ್ಲೇ ಕೂರಿಸಿದರು. 2024ರಲ್ಲಿ ಕ್ಲಿಯೋ. ಅಲ್ಲಿ ಅಕ್ಟೋಬರ್‌ನ ಪ್ಯಾಚ್ ಹಾಕಿಕೊಂಡವರೂ ಡಿಸೆಂಬರ್‌ನಲ್ಲಿ ಸಿಕ್ಕಿಬಿದ್ದರು. ಪ್ಯಾಚೇ ಅರ್ಧ ಆಗಿತ್ತು.

ಈ ಸಾಫ್ಟ್‌ವೇರ್‌ಗಳು ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಸಾವಿರಾರು ಬಳಕೆದಾರರು, ಆಡಿಟ್ ಎಲ್ಲ ಇರುವ ಕಡೆ ಅವು ಬೇಕಾಗುತ್ತವೆ. ಆದರೆ ನಮಗೆ ಬೇಕಿದ್ದದ್ದು ಮೂವತ್ತು ಚಿಲ್ಲರೆ ಸ್ಕ್ರಿಪ್ಟುಗಳು ರಾತ್ರಿ ಒಂದು ಫೈಲ್ ಹಾಕಿ ಹೋಗುವ ಜಾಗ. ಅದಕ್ಕೆ ಇಂಟರ್ನೆಟ್‌ಗೆ ಮುಖ ಮಾಡಿದ ಇಡೀ ವೆಬ್ ಅಪ್ಲಿಕೇಶನ್ ಯಾಕೆ? ಜೊತೆಗೆ, ಆ ದಾಳಿಗಳಲ್ಲಿ ಕದ್ದದ್ದು ಏನನ್ನು? ಅಲ್ಲಿ ಉಳಿದುಕೊಂಡಿದ್ದ ಫೈಲುಗಳನ್ನು. ಪೆಟ್ಟಿಗೆ ದುಬಾರಿ ಆದ ಮಾತ್ರಕ್ಕೆ ಅದರೊಳಗೆ ಆರು ವರ್ಷದ ಸರಕು ತುಂಬಿಡುವ ಅಭ್ಯಾಸ ಬಿಟ್ಟುಹೋಗುವುದಿಲ್ಲ.

ಕೊನೆಗೆ, ದೂರದಿಂದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಜೊತೆ ಬರುವ ಎಸ್‌ಎಫ್‌ಟಿಪಿಯನ್ನೇ ಆರಿಸಿಕೊಂಡೆವು. ಇದರಲ್ಲಿ ಎಲ್ಲವೂ ಎನ್‌ಕ್ರಿಪ್ಟ್ ಆಗಿ ಹೋಗುತ್ತದೆ. ಅದಕ್ಕೂ ಕಾಯಿಲೆ ಬರುತ್ತದೆ. 2024ರ ಜುಲೈನಲ್ಲಿ ಹೊರಬಿದ್ದ ಸಿವಿಇ-2024-6387 ಎಂಬ ದೋಷವು 2006ರಲ್ಲಿ ಸರಿಮಾಡಿದ್ದೇ ಮತ್ತೆ ತಲೆ ಎತ್ತಿದ್ದು. ಹಾಗಾಗಿ ಪ್ಯಾಚ್ ಯಾರ ಕೆಲಸ ಅಂತ ಒಬ್ಬರ ಹೆಸರು ಬರೆದು, ಅವರು ರಜೆ ಹೋದರೆ ಯಾರು ಅಂತಲೂ ಬರೆದೆವು.

ಹೊಸ ಸರ್ವರ್

ಹಳೇ ಸರ್ವರ್ ಹೊರಬಂದ ದಿನವೇ ರಾತ್ರಿ ತಾತ್ಕಾಲಿಕವಾಗಿ ಒಂದು ಹೊಸ ಮಷಿನ್ ಎಬ್ಬಿಸಿದ್ದೆವು, ಖಾಲಿ. ಅದೇ ಮುಂದೆ ಕಾಯಂ ಆಯಿತು.

ಖಾತೆಗಳಿಗೆ ಶೆಲ್ ಇಲ್ಲ, ಅಂದರೆ ಸರ್ವರ್‌ನಲ್ಲಿ ಆದೇಶ ಓಡಿಸುವಂತಿಲ್ಲ. ಪೋರ್ಟ್ ಫಾರ್ವರ್ಡಿಂಗ್ ಇಲ್ಲ, ಅಂದರೆ ಸರ್ವರ್ ಮೂಲಕ ಬೇರೆ ಮಷಿನ್‌ಗೆ ಹಾಯುವಂತಿಲ್ಲ. ಒಳಗಿನ ಎಸ್‌ಎಫ್‌ಟಿಪಿ ಮಾತ್ರ. ಸಿಎಚ್‌ರೂಟ್ ಕಡ್ಡಾಯ. ಇಲ್ಲೂ ಹಳೇ ‘ಊಪ್ಸ್’ನ ತಮ್ಮ ಕಾದಿರುತ್ತಾನೆ. ಬೇಲಿ ಹಾಕುವ ಫೋಲ್ಡರ್ ರೂಟ್ ಎಂಬ ಮುಖ್ಯ ಅಡ್ಮಿನ್ ಖಾತೆಯ ಒಡೆತನದಲ್ಲಿರಬೇಕು, ಅದಕ್ಕೆ ಹೋಗುವ ದಾರಿಯ ಪ್ರತಿ ಫೋಲ್ಡರ್ ಕೂಡ. ಬೇರೆ ಯಾರಿಗೂ ಬರೆಯುವ ಅನುಮತಿ ಇರಬಾರದು. ಇಲ್ಲದಿದ್ದರೆ ಲಾಗಿನ್ ಆದ ಕೂಡಲೇ ಸಂಪರ್ಕ ಕಡಿಯುತ್ತದೆ. ಗ್ರಾಹಕರಿಗೆ ಕಾರಣ ಕಾಣುವುದಿಲ್ಲ, ಸರ್ವರ್ ಲಾಗಿನಲ್ಲಿ ಮಾತ್ರ ಒಡೆತನ ಸರಿಯಿಲ್ಲ ಎಂಬ ಒಂದು ಸಾಲು. ಬಹಳ ಜನ ಇಲ್ಲಿ ಸುಸ್ತಾಗಿ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟು ನೋಡುತ್ತಾರೆ. ಅದರಿಂದ ಇನ್ನೂ ಕೆಡುತ್ತದೆ. ಈ ಸಲ ನಾವು ಮೊದಲ ದಿನವೇ ‘ಇನ್‌ಬಾಕ್ಸ್’ ಫೋಲ್ಡರ್ ಮಾಡಿ ಗ್ರಾಹಕರಿಗೆ ದಾರಿ ಬದಲಿಸಲು ಹೇಳಿದೆವು. ಹೇಗೂ ಎಲ್ಲರಿಗೂ ಫೋನ್ ಮಾಡುತ್ತಿದ್ದೆವಲ್ಲ.

ಪಾಸ್‌ವರ್ಡ್ ಬದಲು ಕೀ ಎಂದೆವು. ಕೀ ಎಂದರೆ ಜೋಡಿ ಫೈಲ್: ಪಬ್ಲಿಕ್ ಕೀ ಸರ್ವರ್‌ಗೆ ಕೊಡುವುದು, ಪ್ರೈವೇಟ್ ಕೀ ತಮ್ಮಲ್ಲೇ ಗುಟ್ಟಾಗಿಡುವುದು. ‘ನಿಮ್ಮ ಪಬ್ಲಿಕ್ ಕೀ ಕಳಿಸಿ’ ಅಂತ ಮೇಲ್ ಹಾಕಿದರೆ ಮೂವರು ಪ್ರೈವೇಟ್ ಕೀಯನ್ನೂ ಅಂಟಿಸಿ ಕಳಿಸಿದರು. ಅಷ್ಟೂ ಎಸೆದು, ಹೊಸದು ಮಾಡಿಸಿದೆವು. ಇನ್ನೊಬ್ಬ ಗ್ರಾಹಕರ ಹಳೇ ಸಾಫ್ಟ್‌ವೇರ್‌ಗೆ ಕೀ ಕೊಟ್ಟು ಲಾಗಿನ್ ಆಗಲು ಎಸ್‌ಎಚ್‌ಎ-1 ಸಹಿಯ ಆರ್‌ಎಸ್‌ಎ ಎಂಬ ಹಳೇ, ದುರ್ಬಲ ವಿಧಾನ ಬಿಟ್ಟು ಬೇರೆ ಗೊತ್ತಿರಲಿಲ್ಲ. ಓಪನ್‌ಎಸ್‌ಎಸ್‌ಎಚ್ 2021ರ 8.8 ಆವೃತ್ತಿಯಿಂದ ಅದನ್ನು ತಾನಾಗಿ ಒಪ್ಪುವುದಿಲ್ಲ. ಇಡೀ ಸರ್ವರ್‌ಗೆ ಅದನ್ನು ಬಿಡುವ ಬದಲು ಆ ಒಂದು ಖಾತೆಗೆ ಮಾತ್ರ ಬಿಟ್ಟೆವು. ಅದೂ ಅವರ ಐಪಿಯಿಂದ ಬಂದರೆ ಮಾತ್ರ, ಮೂರು ತಿಂಗಳ ಮಟ್ಟಿಗೆ. ಮೂರು ತಿಂಗಳು ಐದಾಯಿತು, ಆದರೆ ಮುಗಿಯಿತು.

ನನ್ನ ಲೆಕ್ಕದಲ್ಲಿ ಇದೆಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ ಬದಲಾವಣೆ ಬೇರೆ. ಒಳಗಿನ ಒಂದು ಮಷಿನ್ ಮೂರು ನಿಮಿಷಕ್ಕೊಮ್ಮೆ ಹೊರಗಿನ ಸರ್ವರ್‌ಗೆ ಬಂದು, ಬಂದಿರುವ ಫೈಲನ್ನು ಎತ್ತಿಕೊಂಡು, ಅಲ್ಲಿಂದ ಅಳಿಸಿ ಹೋಗುತ್ತದೆ. ಹೊರಗಿನ ಸರ್ವರ್‌ನಿಂದ ಒಳಗೆ ಹೋಗುವ ದಾರಿಯೇ ಇಲ್ಲ. ಮೊದಲ ವಾರ ಎಡವಟ್ಟಾಯಿತು. ಇನ್ನೂ ಅಪ್‌ಲೋಡ್ ಆಗುತ್ತಿದ್ದ ಅರ್ಧ ಫೈಲನ್ನೇ ಅದು ಎತ್ತಿಕೊಂಡು ಹೋಯಿತು. ಒಂದು ಬ್ಯಾಚಿನಲ್ಲಿ ಬಿಲ್ಲುಗಳು ‘ಎಂ’ ಅಕ್ಷರದ ಹೆಸರುಗಳಿಗೆ ನಿಂತುಹೋದವು. ಆಮೇಲೆ ನಿಯಮ ಮಾಡಿದೆವು: ಕಳಿಸುವಾಗ ಹೆಸರಿನ ಕೊನೆಗೆ ‘ಪಾರ್ಟ್’ ಇರಲಿ, ಮುಗಿದ ಮೇಲೆ ಅದನ್ನು ತೆಗೆಯಿರಿ. ‘ಪಾರ್ಟ್’ ಇರುವುದನ್ನು ನಾವು ಮುಟ್ಟುವುದಿಲ್ಲ.

ಗ್ರಾಹಕರ ತಕರಾರು ನಿರೀಕ್ಷಿಸದ ಕಡೆಯಿಂದ ಬಂತು. ‘ಬೆಳಗ್ಗೆ ನೋಡಿದರೆ ನಮ್ಮ ಫೈಲೇ ಇರಲ್ಲ, ತಲುಪಿತಾ ಇಲ್ವಾ ಹೇಗೆ ಗೊತ್ತಾಗಬೇಕು?’ ಆರು ವರ್ಷ ಫೈಲ್ ಅಲ್ಲೇ ಬಿದ್ದಿರಲು ಇದೂ ಒಂದು ಕಾರಣ ಅಂತ ಆಗ ಹೊಳೆಯಿತು. ಅವರಿಗೆ ಅದೇ ರಸೀದಿ. ಹಾಗಾಗಿ ಫೈಲ್ ಎತ್ತಿಕೊಂಡ ಮೇಲೆ ಒಂದು ಚಿಕ್ಕ ರಸೀದಿ ಫೈಲ್ ಬಿಡತೊಡಗಿದೆವು. ಫೈಲಿನ ಹೆಸರು, ಗಾತ್ರ, ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ-256 ಮೊತ್ತ, ಎತ್ತಿಕೊಂಡ ಗಂಟೆ. ಒಂದು ದಿನ ಕಳೆದರೆ ಅದೂ ಅಳಿಯುತ್ತದೆ.

ಲಾಗ್ ಈಗ ಬೇರೆ ಮಷಿನ್‌ಗೆ ಹೋಗುತ್ತದೆ, ಒಂದು ವರ್ಷ ಇರುತ್ತದೆ. ಅಲಾರಂ ಒಂದೇ: ಹೊರಹೋಗುವ ಟ್ರಾಫಿಕ್ ಮಾಮೂಲಿಗಿಂತ ಏರಿದರೆ ಅಥವಾ ಮಾಮೂಲಿಗೆ ಹೊರತಾಗಿ ಯಾರಾದರೂ ಫೈಲ್ ಇಳಿಸಿಕೊಂಡರೆ ಫೋನ್ ಬಡಿದುಕೊಳ್ಳುತ್ತದೆ. ಸೂತ್ರ ಬರೆದವರು ಆ ಗ್ರಾಫ್ ನೋಡಿದವರೇ. 47 ಖಾತೆ 31ಕ್ಕೆ ಇಳಿಯಿತು. ಪ್ರತಿ ಖಾತೆಗೂ ಮುಗಿಯುವ ತಾರೀಕು ಇದೆ, ಟ್ರಯಲ್ ಆದರೆ ಎರಡೇ ದಿನ, ತಾನಾಗಿ ಸಾಯುತ್ತದೆ.

ಎಂಟು ತಿಂಗಳ ನಂತರ

ಒಂದು ಭಾನುವಾರ ಬೆಳಗಿನ ಜಾವ ಆ ಫೋನ್ ಬಡಿದುಕೊಂಡಿತು. ಒಬ್ಬ ಗ್ರಾಹಕರ ಕಡೆಯೇ ಯಾರೋ ನುಗ್ಗಿ ಅವರ ಕೀ ಕದ್ದಿದ್ದರು. ಅವರಿಗೆ ಸ್ಥಿರ ಐಪಿ ಇರಲಿಲ್ಲ, ಹಾಗಾಗಿ ಗೊತ್ತಿರುವ ಐಪಿಯಿಂದಲೇ ಬರಬೇಕೆಂಬ ಕಟ್ಟುಪಾಡಿನಿಂದ ಅವರನ್ನು ಬಿಟ್ಟಿದ್ದೆವು. ಕೀ ಸರಿಯಾದದ್ದೇ, ಸರ್ವರ್ ಒಳಗೆ ಬಿಟ್ಟಿತು.

ಬೆಳಗ್ಗೆ ಲಾಗನ್ನು ಒಟ್ಟಿಗೆ ಕೂತು ಓದಿದೆವು. ಈ ಸಲ ಚಿಕ್ಕ ಫೈಲುಗಳನ್ನೂ ಬಿಡದೆ. ಬಂದವನು ಪಟ್ಟಿ ಕೇಳಿದ್ದಾನೆ. ಮೇಲಿನ ಫೋಲ್ಡರಿಗೆ ಹೋಗಲು ನೋಡಿದ್ದಾನೆ, ಮತ್ತೆ ಅದೇ ಪಟ್ಟಿ ಬಂದಿದೆ. ‘ಇನ್‌ಬಾಕ್ಸ್’ ತೆರೆದಿದ್ದಾನೆ. ಅಲ್ಲಿ ಹಿಂದಿನ ರಾತ್ರಿಯ ಒಂದು ರಸೀದಿ ಇತ್ತು. ಅದನ್ನು ಇಳಿಸಿಕೊಂಡು ಹೋಗಿದ್ದಾನೆ. ಬಂದು ಹೋಗಿದ್ದು 41 ಸೆಕೆಂಡಿನಲ್ಲಿ, ಒಯ್ದದ್ದು 212 ಬೈಟ್. ಆ ಗ್ರಾಹಕರಿಗೆ ಫೋನ್ ಮಾಡಿದವರು ಈ ಸಲ ಮ್ಯಾನೇಜರೇ. ಇನ್ನೂ ಏಳು ಗಂಟೆ ಆಗಿರಲಿಲ್ಲ.